ಮೊದಲನೇ ದೋಸೆ

ಹೊಸನಗರದ ಬಸ್‌ನಿಲ್ದಾಣದಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ-ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ನಾಯಿಯ ಹೊಸ ಬೆಲ್ಟು. ಸಾಗರದಲ್ಲಿ ಯಾರೋ ಆರೈಕೆ ಮಾಡಿ ಉಳಿಸಿದ ಬೀದಿನಾಯಿಯೊಂದನ್ನು ಮನೆಗೆ ತರಲು ಹೊರಟಿದ್ದಾರೆಂದು ಮಾತಿನಲ್ಲೇ ತಿಳಿಯಿತು.

“ಕೋಲು ಕಂಡ್ರೆ ಹೆದರ್ತದಂತೆ ಅತ್ತೆ. ದನ ಅಟ್ಟೋ ಕೋಲು ಕೊಟ್ಟಿಗೆ ಒಳಗಿಟ್ಟಿದೀನಿ.”

“ಇಡು. ನಾನು ಬೇಡ ಅಂದ್ನಾ?”

“ನಾಯಿನೇ ಬೇಡ ಅಂತಿದ್ರಿ ಇಷ್ಟು ದಿನ.”

“ಕೆಂಪ ಹೋದ್ಮೇಲೆ ಇನ್ನೊಂದು ನಾಯಿ ಸಾಕಕ್ಕೆ ಮನಸ್ಸಾಗ್ಲಿಲ್ಲ ಮಾರಾಯ್ತಿ. ಕಾವಲಿ ಚುಂಯ್ ಅಂದ್ರೆ ಸಾಕು, ಅಡುಗೆಮನೆ ಬಾಗ್ಲಲ್ಲಿ ಬಂದು ಕೂರ್ತಿತ್ತು. ಮೊದಲನೇ ದೋಸೆ ಏಳದೆ ಮುದ್ದೆ ಆಗ್ತಿತ್ತಲ್ಲ, ಅದು ನಾಯಿದು. ನಮ್ಮತ್ತೆ ಕಾಲದಿಂದ್ಲೂ ಹಂಗೇ. ಮಕ್ಳು ಅತ್ರೂ ಅದನ್ನ ಕೊಡ್ತಿರ್ಲಿಲ್ಲ.”

“ಈಗ ಮೊದಲನೇದು ನೀವೇ ತಿಂತೀರಲ್ಲ.”

“ನಿನ್ನ ನಾನ್‌ಸ್ಟಿಕ್ಕಲ್ಲಿ ಮೊದಲನೇದೂ ಚಂದ ಏಳ್ತದೆ. ಆದ್ರೂ ಬೇರೆಯವ್ರ ತಟ್ಟೆಗೆ ಹಾಕಕ್ಕೆ ಕೈ ಬರಲ್ಲ.”

ಸೊಸೆ ಬೆಲ್ಟಿನ ಕೊಂಡಿಯನ್ನು ಹಾಕುತ್ತಾ, ತೆಗೆಯುತ್ತಾ ಕೂತಳು.

ಸಾಗರದ ಬಸ್ಸು ಬಂತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು.

“ಮೇಘನಾ, ಮನೆಗೆ ಹೋದ್ಮೇಲೆ ಅಟ್ಟದಿಂದ ಹಳೇ ಕಬ್ಬಿಣದ ಕಾವಲಿ ಇಳಿಸು.”

“ಅದ್ರಲ್ಲಿ ಮೊದಲನೇದು ಏಳಲ್ಲ ಅತ್ತೆ.”

“ಏಳೋದು ಬೇಡ,” ಎಂದು ಅತ್ತೆ ಸೊಸೆಯ ಕೈಯಿಂದ ಬೆಲ್ಟು ತೆಗೆದುಕೊಂಡು ಬಸ್ಸು ಹತ್ತಿದರು.