ಬೇರಿಂಗೇನು ಬೋಂಡಾನಾ?

ಚಾಮರಾಜಪುರಂನ ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಶಾರದ ಅವರಿಗೆ ಪಕ್ಕದ ಬೆಂಚಿನ ಜಗಳವೆಲ್ಲ ಕೇಳಿಸುತ್ತಿತ್ತು. ಒಂದು ದನಿ ಹಿರಿಯ ಫಿಟ್ಟರನದು, ಇನ್ನೊಂದು ಅವನ ಕೈಕೆಳಗೆ ಕೆಲಸ ಮಾಡುವವಳದು.

"ವರ್ಷಿಣಿ, ನಾಳೆ ಆ ಬೇರಿಂಗ್ ನೀನೇ ಬಡಿದು ಕೂರಿಸ್ಬುಡು."

"ಬಡಿಯಲ್ಲ ಕೆಂಪರಾಜಣ್ಣ. ಎಣ್ಣೇಲಿ ಹದವಾಗಿ ಕಾಯಿಸ್ತೀನಿ. ಹಿಗ್ಗಿ, ಶಾಫ್ಟಿಗೆ ಸಲೀಸಾಗಿ ಇಳಿಯುತ್ತೆ."

"ಬೇರಿಂಗೇನು ಬೋಂಡಾನಾ, ಎಣ್ಣೇಲಿ ಬಿಡೋಕೆ? ಮೂವತ್ತು ವರ್ಷ ಸುತ್ತಿಗೇಲೇ ಕೂರಿಸಿದೀನಿ ಕಣಮ್ಮ."

"ಇವತ್ತು ಬಡಿಯೋವಾಗ ಉಕ್ಕಿನ ಚೂರು ಹಾರಿ ನಿಮ್ಮ ಕಣ್ಣಲ್ಲೂ ಕೂತ್ಬುಡ್ತಲ್ಲ!"

"ಸುತ್ತಿಗೆ ಹಿಡೀದಿದ್ರೆ ಕೆಲಸ ಬುಟ್ಟು ನಡಿ."

"ಸುತ್ತಿಗೇನೂ ಹಿಡಿಯಲ್ಲ, ಕೆಲಸಾನೂ ಬುಡಲ್ಲ."

ನರ್ಸ್ ಕೆಂಪರಾಜುವಿನ ಹೆಸರು ಕೂಗಿದಳು.

"ಏಳಿ ಅಣ್ಣ. ಚೂರನ್ನೂ ಸುತ್ತಿಗೇಲೇ ತೆಗೀರಿ ಅಂತ ಡಾಕ್ಟ್ರಿಗೆ ಹೇಳಿ!"

ಮುಚ್ಚಿರಬೇಕಿದ್ದ ಕಣ್ಣನ್ನು ಶಾರದ ತೆರೆದೇಬಿಟ್ಟರು. ಮಸುಕಾಗಿ ಕಂಡದ್ದು, ವರ್ಷಿಣಿಯ ಹೆಗಲು ಹಿಡಿದು ಒಳಹೋಗುತ್ತಿದ್ದ ಅವನ ಬೆನ್ನು.