ನ್ಯಾಯಮೂರ್ತಿಗಳು ಅವಳನ್ನೇ ಕೇಳಿದರು

ಗಲ್ಫ್ ನಾಡಿನ ನಮ್ಮ ಈ ಕನ್ನಡ ಸಂಘದ ಅಧ್ಯಕ್ಷರಾದ ಕೊರಗಪ್ಪನವರೇ, ನಾವು ಇಂದು ಸನ್ಮಾನಿಸುತ್ತಿರುವ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸುಮಿತ್ರಾ ಅವರೇ, ಮಿರ್ದಿಫ್‌ನಿಂದ ಟ್ರಾಫಿಕ್ ದಾಟಿ ಬಂದವರೇ, ದೂರದ ರುವೈಸ್‌ನ ತೈಲ ಘಟಕದಲ್ಲಿ ಶಿಫ್ಟ್ ಬದಲಿಸಿಕೊಂಡು ಬಂದವರೇ, ಎಲ್ಲ ಸಭಿಕರೇ,

ನನ್ನ ಹೆಸರು ಹಿತಾ. ಸಂಘದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಮಕ್ಕಳ ಎದುರು ಬಿಟ್ಟರೆ ಬೇರೆಲ್ಲೂ ನಿಂತು ಮಾತಾಡಿದವಳಲ್ಲ. ಅತಿಥಿಗಳನ್ನು ಪರಿಚಯಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ.

ಇಂದು ಬೆಳಿಗ್ಗೆ ಮೇಡಂ ಅವರನ್ನು ಕರೆತರಲು ನನ್ನ ಪತಿ ಕೀರ್ತನ್ ಮತ್ತು ನಾನು ಹಮ್ದಾನ್ ಸ್ಟ್ರೀಟಿನ ಹೋಟೆಲಿಗೆ ಹೋಗಿದ್ದೆವು. ಮೇಡಂ ತಾವೇ ಕಾಫಿ ಬೆರೆಸುತ್ತಾ, "ನಿನಗೆ ಸಕ್ಕರೆ ಎಷ್ಟಮ್ಮ?" ಎಂದರು. ನಾನು ಕೀರ್ತನ್ ಮುಖ ನೋಡಿದೆ. "ಅವಳಿಗೆ ಒಂದೂವರೆ ಚಮಚ, ಮೇಡಂ" ಎಂದರು ಅವರು. ಮೇಡಂ ಚಮಚ ಎತ್ತಿ ಹಿಡಿದು, ನನ್ನನ್ನೇ ನೋಡುತ್ತಾ ಕಾದರು. ಇಷ್ಟು ಸಣ್ಣ ಉತ್ತರಕ್ಕೆ ಯಾರಾದರೂ ಅಷ್ಟು ಹೊತ್ತು ಕಾದದ್ದನ್ನು ನಾನು ಕಂಡಿರಲಿಲ್ಲ.

ಭಾಷಣವನ್ನು ಮೊದಲೇ ಅಧ್ಯಕ್ಷರಿಗೆ ತೋರಿಸುವುದು ನಮ್ಮ ಸಂಘದ ಪದ್ಧತಿ. ನಾವೆಲ್ಲ ಮಾವ ಎನ್ನುವ ಕೊರಗಪ್ಪನವರು ನಾನು ಮೊದಲು ಬರೆದದ್ದನ್ನು ಓದಿ, "ಗರ್ಭಪಾತ ಅನ್ನುವ ಶಬ್ದ ಎಂತಕ್ಕೆ ಮಾರಾಯ್ತಿ? ಎದುರಿನ ಸಾಲಲ್ಲಿ ಮಕ್ಕಳಿರ್ತಾರೆ. ಮಹಿಳಾ ಸಬಲೀಕರಣ ಅಂತ ಹಾಕು, ಖಲಾಸ್" ಎಂದರು. ಹಾಕಿ ನೋಡಿದೆ ಮಾವ. 'ಐದು ತಿಂಗಳ ಬಸುರಿಯ ಮಹಿಳಾ ಸಬಲೀಕರಣಕ್ಕೆ ಹೈಕೋರ್ಟು ಅನುಮತಿ ನೀಡಿತು' ಎಂದಾಯಿತು. ಹಾಗಾಗಿ ಹಳೆಯ ಶಬ್ದವನ್ನೇ ಉಳಿಸಿಕೊಂಡಿದ್ದೇನೆ. ಕ್ಷಮಿಸಬೇಕು.

ಮೇಡಂ ಅವರಿಗೆ ಹೆಸರು ತಂದ ಆ ಗರ್ಭಪಾತದ ತೀರ್ಪಿನ ಹುಡುಗಿಗೆ ನನ್ನದೇ ವಯಸ್ಸು. ಅವಳ ಹೆಸರು ಅದರಲ್ಲಿಲ್ಲ. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ. ಕಾನೂನಿನಲ್ಲಿ ಅವಕಾಶವಿದ್ದರೂ ಆಸ್ಪತ್ರೆಯವರು ಹೆದರಿ, ಕೋರ್ಟಿನ ಆದೇಶ ತನ್ನಿ ಎಂದರು. ಅತ್ತೆ ಮಾವ, "ನಮ್ಮ ಮಗನದ್ದು ಉಳಿದಿರುವುದು ಅದೊಂದೇ" ಎಂದು ಅಡ್ಡ ಬಂದರು. ಅವರ ದುಃಖ ಸುಳ್ಳಲ್ಲ. ಮೇಡಂ ಅದನ್ನೂ ಗೌರವದಿಂದ ಬರೆದಿದ್ದಾರೆ. ಆದರೆ ಎಲ್ಲರನ್ನೂ, ವಕೀಲರನ್ನೂ ಕೂಡ, ಕೊಠಡಿಯಿಂದ ಹೊರಗೆ ಕಳಿಸಿ, "ನಿನಗೇನು ಬೇಕಮ್ಮ?" ಎಂದು ಅವಳನ್ನೇ ಕೇಳಿದರು. "ಈ ಮಗು ಬೇಡ" ಎಂದಳು. ವಯಸ್ಸಿಗೆ ಬಂದ ಹೆಣ್ಣಿನ ವಿಷಯದಲ್ಲಿ ಕಾನೂನು ಕೇಳುವುದು ಅವಳ ಒಪ್ಪಿಗೆಯನ್ನು. ಗಂಡನದ್ದಲ್ಲ, ಗಂಡನ ಮನೆಯದ್ದೂ ಅಲ್ಲ ಎಂದು ಮೇಡಂ ಬರೆದರು.

ಇಂಥದ್ದನ್ನು ಓದಿದರೆ ಕಣ್ಣೀರು ಬರಬೇಕು. ನನಗೆ ಬಂದದ್ದು ಹೊಟ್ಟೆಕಿಚ್ಚು. ಗಂಡನನ್ನು ಕಳೆದುಕೊಂಡವಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಅವಳಿಗೆ ಬಾಗಿಲು ಮುಚ್ಚಿದ ಒಂದು ಕೊಠಡಿ ಸಿಕ್ಕಿತಲ್ಲ ಎಂದು ಪಟ್ಟೆ. ಅವಳ ಬಾಯಿಂದ ಮಾತು ಹೊರಡುವ ತನಕ ಒಬ್ಬರು ಸುಮ್ಮನೆ ಕೂತರಲ್ಲ ಎಂದು ಪಟ್ಟೆ. ನನಗೆ ಸಕ್ಕರೆಯ ಲೆಕ್ಕವೇ ಹೇಳಲಾಗಲಿಲ್ಲ. ಅವಳು ಅಷ್ಟು ದೊಡ್ಡದನ್ನು ಹೇಳಿಬಿಟ್ಟಳು.

ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಕಳೆದ ವಾರ ಕ್ಲಿನಿಕ್ಕಿನಿಂದ ಬಂದು ನಾನು ಚಪ್ಪಲಿ ಬಿಡುವ ಮೊದಲೇ ನಮ್ಮ ಅತ್ತೆ ಸ್ವರ್ಣಲತಾ ಅವರು ಸಂಘಕ್ಕೆ ಫೋನ್ ಮಾಡಿಯಾಗಿತ್ತು. ತವರಿನವರು ಇಲ್ಲಿಗೆ ಬರಲಾಗದ ಬಸುರಿಯರಿಗೆ ಸಂಘ ಪ್ರತಿ ವರ್ಷ ಸಾಮೂಹಿಕ ಸೀಮಂತ ಮಾಡುತ್ತದೆಯಲ್ಲ, ಅದಕ್ಕೆ. "ನಮ್ಮ ಹಿತಾಳನ್ನೂ ಸೇರಿಸಿಕೊಳ್ಳಿ, ಹಸಿರು ಸೀರೆ ನಾನೇ ತೆಗೀತೇನೆ." ಮೂರು ತಿಂಗಳು ತುಂಬದೆ ಹೊರಗೆ ಹೇಳಬಾರದು ಎಂದು ನನಗೆ ಕಲಿಸಿದವರೂ ಅವರೇ. ಕೀರ್ತನ್ ರುವೈಸ್‌ನ ಕೆಲಸದ ಜಾಗದಿಂದ ಫೋನ್ ಮಾಡಿ, "ಅಮ್ಮನಿಗೆ ಎಷ್ಟು ಖುಷಿ ಗೊತ್ತುಂಟಾ? ನಿನಗೂ ಖುಷಿಯೇ ಅಲ್ವಾ?" ಎಂದರು. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ, "ಸರಿ, ಇಡ್ತೇನೆ, ಶಿಫ್ಟ್ ಶುರುವಾಯ್ತು" ಎಂದರು.

ಅದೇ ವಾರ ಮೈಸೂರಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿದ ಸುದ್ದಿಯೂ ಬಂದಿತ್ತು. ಅತ್ತೆ ತೋರಿಸುತ್ತಿದ್ದ ಹಸಿರು ಸೀರೆಗಳ ಫೋಟೋಗಳ ನಡುವೆ ಅದನ್ನು ಹೇಳಲು ಸಂದು ಸಿಗಲಿಲ್ಲ. ಇಲ್ಲಿಯೇ ಮೊದಲು ಹೇಳುತ್ತಿದ್ದೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪರಿಚಯ ಭಾಷಣದಲ್ಲಿ ಅತಿಥಿಗಳಿಗಿಂತ ನನ್ನ ಪರಿಚಯವೇ ಹೆಚ್ಚಾಯಿತು. ಒಂದೇ ಮಾತು ಹೇಳಿ ಮುಗಿಸುತ್ತೇನೆ. ನ್ಯಾಯಾಧೀಶರು ಹಕ್ಕನ್ನು ಹುಟ್ಟಿಸುವುದಿಲ್ಲ. ಇರುವ ಹಕ್ಕಿನ ಮೇಲೆ ಕೂತವರನ್ನು ಎಬ್ಬಿಸುತ್ತಾರೆ. ಆದರೆ ಮನೆಮನೆಗೂ ನ್ಯಾಯಮೂರ್ತಿ ಬರಲಾದೀತೇ? ಎಳೆ ತಿಂಗಳಲ್ಲಿ, ನಮ್ಮ ದೇಶದಲ್ಲಿ, ಕೋರ್ಟಿನವರೆಗೆ ಹೋಗಬೇಕಾಗಿಯೂ ಇಲ್ಲ. ವೈದ್ಯರ ಮುಂದೆ ಬಾಯಿ ಬಿಟ್ಟರೆ ಸಾಕು ಎಂದು, ಮೇಡಂ, ನಿಮ್ಮ ತೀರ್ಪು ಓದಿಯೇ ತಿಳಿದೆ.

ಕೊನೆಗೊಂದು ಪ್ರಕಟಣೆ. ಬುಧವಾರದಿಂದ ಕನ್ನಡ ತರಗತಿಯನ್ನು ಸುಪ್ರೀತಾ ಅಕ್ಕ ನಡೆಸುತ್ತಾರೆ. ನಾನು ಮೈಸೂರಿಗೆ ಹೊರಟಿದ್ದೇನೆ, ಒಬ್ಬಳೇ. ಅತ್ತೆ, ಈ ವರ್ಷದ ಸೀಮಂತದಲ್ಲಿ ನಾನು ಇರುವುದಿಲ್ಲ. ಕೀರ್ತನ್, ಇದನ್ನು ಮನೆಯಲ್ಲೇ ಹೇಳಬೇಕಿತ್ತು. ಅಲ್ಲಿ ಮೈಕಿಲ್ಲ.

ಇಷ್ಟು ಹೊತ್ತು ಯಾರೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಿರಿ. ಅದಕ್ಕಾಗಿ ನಿಮಗೆಲ್ಲ ವಂದನೆ, ನಮಸ್ಕಾರ.