ಮೂರನೇ ಕೊಟೇಶನ್

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಗೌನಿಪಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಾವುದೋ ಹಳ್ಳಿ ಶಾಲೆಯ ಮುಖ್ಯ ಶಿಕ್ಷಕಿ, ಅದೇ ಶಾಲಾ ಸಮಿತಿಯ ಅಧ್ಯಕ್ಷೆ ಕದಿರಮ್ಮ ಕೂತಿದ್ದರು. ಶಿಕ್ಷಕಿಯ ತೊಡೆಯ ಮೇಲೆ ಫೈಲು ತೆರೆದಿತ್ತು.

“ಇಲ್ಲಿ ಸೈನ್ ಹಾಕಿ ಕದಿರಮ್ಮ. ಮೂರು ಅಂಗಡಿಯಿಂದ ಕೊಟೇಶನ್ ತರಿಸಿ, ಕಡಿಮೆ ರೇಟಿನೋರಿಗೆ ಬೆಂಚ್ ಆರ್ಡರ್ ಕೊಟ್ವಿ ಅಂತ.”

“ಬೆಂಚ್ ಬಂದು ತಿಂಗ್ಳಾಯ್ತಲ್ಲ ಮೇಡಮ್?”

“ಪಂಚಾಯ್ತಿ ಮೆಂಬರ್ ಕಡೆಯೋರು ಇಳಿಸಿಬಿಟ್ಟು ಹೋದ್ರು. ಕಾಗದ ಈಗ ಕಳ್ಸಿದಾರೆ.”

“ಈ ಮೂರನೇದು ಮುನಿಕೃಷ್ಣಪ್ಪನ ಅಂಗಡಿದು. ಆವಯ್ಯ ಸತ್ತು, ಅಂಗಡಿ ಮುಚ್ಚಿ ವರ್ಷಾಯ್ತು. ತಿಥಿ ಊಟಕ್ಕೆ ನೀವೂ ಬಂದಿದ್ರಿ.”

“ಬಂದಿದ್ದೆ.”

“ಸತ್ತೋರು ರೇಟ್ ಬರ್ಕೊಟ್ರು ಅಂತ ನಾನ್ ಸೈನ್ ಹಾಕ್ಲಾ? ಆಡಿಟ್‌ನೋರು ಬಂದ್ರೆ ಯಾರನ್ನ ಹಿಡೀತಾರೆ?”

“ನಮ್ಮಿಬ್ರನ್ನೇ. ನಂಗೆ ರಿಟೈರ್ ಆಗೋಕೆ ಇನ್ನು ಎಂಟೇ ತಿಂಗ್ಳು.”

“ಬೆಂಚ್ ವಾಪಸ್ ಕಳಿಸ್ಬಿಡಿ ಮತ್ತೆ. ಮಕ್ಳು ಇಷ್ಟು ದಿನ ನೆಲದ ಮೇಲೆ ಕೂತಿರ್ಲಿಲ್ವಾ?”

“ಕೇಳ್ದೆ. ತಗೊಳ್ಳಲ್ಲ ಅಂದ್ರು. ಮುಂದಿನ ಬೆಂಚ್ ಮೇಲೆ ಆಗ್ಲೇ ಮಕ್ಳು ಕೈವಾರದ ಮೊನೆಯಲ್ಲಿ ಹೆಸ್ರು ಕೆತ್ತಿದಾರೆ.”

“ಯಾವ ಹಾಳಾದೋರದು?”

“ನಿಮ್ಮ ಮಗಳು ಧನಶ್ರೀದು. ಇನಿಶಿಯಲ್ ಸಮೇತ.”

“ದೇವುಡಾ!”

“ಅಕ್ಷರ ಮಾತ್ರ ದುಂಡಗಿದೆ.”

ಇಬ್ಬರೂ ಸ್ವಲ್ಪ ನಕ್ಕರು.

ಅವರ ಬಸ್ಸು ಬಂತು. ಜನ ಬಾಗಿಲಿಗೆ ನುಗ್ಗಿದರು.

“ಪೆನ್ ಕೊಡಿ,” ಎಂದರು ಕದಿರಮ್ಮ.

ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು, ಕೆತ್ತಿದ ಹಾಗೆ ಒತ್ತಿ ಒತ್ತಿ ತಮ್ಮ ಹೆಸರು ಬರೆದರು. ಇಬ್ಬರೂ ಬಸ್ ಹತ್ತಿದರು.